28 ವರ್ಷದ ಮೇಲೆ ಒಂದಾದ ಬ್ಯಾಂಡ್: ಹೊಸ ಆಲ್ಬಂ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಐವರ ಹಾರ್ಡ್ ರಾಕ್ ಬ್ಯಾಂಡ್. ಮೂರು ಆಲ್ಬಂ ಮಾಡಿದ ಮೇಲೆ ಮಾತು ಬಿಟ್ಟು ದೂರವಾದೆವು. ಅದಾಗಿ 28 ವರ್ಷ. ಈಗ ಎಲ್ಲರೂ ಐವತ್ತೈದು ದಾಟಿದ್ದೇವೆ. ಇನ್ನೊಂದು ಆಲ್ಬಂ ಮಾಡೋಣವೆಂದು ನಾಲ್ವರು ಒಪ್ಪಿದ್ದೇವೆ. ಎರಡನೇ ಗಿಟಾರಿಸ್ಟ್ ಬರುವುದಿಲ್ಲ ಅಂದಿದ್ದಾನೆ, ಆದರೆ ಈಗ ಮನಸ್ತಾಪವೇನಿಲ್ಲ. ಅವನ ಐದಾರು ರಿಫ್‌ಗಳು (ಮರುಕಳಿಸುವ ಗಿಟಾರ್ ತುಣುಕುಗಳು) ಕೊನೆಯ ದಿನಗಳಲ್ಲಿ ಮಾಡಿದ ಎರಡು ಇಂಚಿನ ಡೆಮೊ ಟೇಪಿನಲ್ಲಿವೆ. ಎರಡು ವಾರಾಂತ್ಯ ಒಟ್ಟಿಗೆ ಕೂತು ನುಡಿಸಿ ನೋಡಿದೆವು. ತಪ್ಪು ಬರಲಿಲ್ಲ, ಆದರೆ ಜೀವವೂ ಬರಲಿಲ್ಲ. ಗಾಯಕನಿಗೆ ಹಳೆಯ ಎತ್ತರ ಎಟುಕುತ್ತಿಲ್ಲ. ಒಬ್ಬ ನಿರ್ಮಾಪಕರು, ‘ಒಟ್ಟಿಗೆ ಸೇರುವ ಗೋಜೇ ಬೇಡ, ಅವರವರ ಮನೆಯಲ್ಲಿ ಕ್ಲಿಕ್‌ಗೆ (ತಾಳದ ಟಿಕ್-ಟಿಕ್ ಸದ್ದಿಗೆ) ನುಡಿಸಿ ಫೈಲ್ ಕಳಿಸಿ, ನಾನು ಜೋಡಿಸುತ್ತೇನೆ’ ಎನ್ನುತ್ತಾರೆ. ನಮಗೆ ವಯಸ್ಸಾಗಿದ್ದೇ ಕಾರಣವೇ? ಹಳೆಯ ಆಂಪ್‌ಗಳನ್ನು (ಗಿಟಾರ್ ಆಂಪ್ಲಿಫೈಯರ್) ಹೊರತೆಗೆದರೆ ಹಳೆಯ ಸದ್ದು ಬಂದೀತೇ? ನಾಲ್ವರೇ ಇದ್ದು ಹಳೆಯ ಹೆಸರನ್ನೇ ಇಟ್ಟುಕೊಳ್ಳಬಹುದೇ?

ಉತ್ತರ: ಪ್ರಶ್ನೆ ಹಲವಿದ್ದರೂ ನಿಮ್ಮ ಆತಂಕ ಒಂದೇ ಎಂದು ಕಾಣುತ್ತದೆ. ‘ಆ ಬ್ಯಾಂಡ್ ಇನ್ನೂ ಇದೆಯೇ, ಅಥವಾ ಹೆಸರು ಮಾತ್ರ ಉಳಿದಿದೆಯೇ?’ ಎರಡು ವಾರಾಂತ್ಯದ ಅಭ್ಯಾಸದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ತಪ್ಪಿಲ್ಲದೆ ನುಡಿಸಿದರೂ ಜೀವವಿಲ್ಲ ಅಂದಿರಲ್ಲ, ಮರಳಿ ಸೇರಿದ ಬ್ಯಾಂಡ್‌ಗಳ ಮೊದಲ ಹತ್ತು ಗಂಟೆಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ವಯಸ್ಸಿನ ಪಾಲು ಅದರಲ್ಲಿ ಸ್ವಲ್ಪ. ದೊಡ್ಡ ಪಾಲು ಬೇರೆ ಕಡೆ ಇದೆ, ಮತ್ತು ಅದು ಸರಿಯಾಗುವಂಥದ್ದು. ನಿರ್ಮಾಪಕರ ಸಲಹೆಯನ್ನು ಈಗಲೇ ಒಪ್ಪಬೇಡಿ. ಕೆಟ್ಟಿರುವ ಭಾಗ ಯಾವುದೋ ಅದನ್ನೇ ಆ ದಾರಿ ಮುಟ್ಟದೆ ಬಿಡುತ್ತದೆ.

ಮೊದಲು ಎರಡು ನಂಬಿಕೆಗಳನ್ನು ಪಕ್ಕಕ್ಕಿಡೋಣ. ‘ಅದೇ ಜನ ಸೇರಿದರೆ ಅದೇ ಸದ್ದು’ ಎಂಬುದು ಒಂದು. ಏರೋಸ್ಮಿತ್‌ನ ಐವರೂ 1984ರಲ್ಲಿ ಮತ್ತೆ ಒಂದಾದರು. 1985ರಲ್ಲಿ ಬಂದ ‘ಡನ್ ವಿತ್ ಮಿರರ್ಸ್’ ಹೆಚ್ಚು ಓಡಲಿಲ್ಲ. ಅವರು ನಿಜವಾಗಿ ಎದ್ದು ನಿಂತದ್ದು 1987ರ ‘ಪರ್ಮನೆಂಟ್ ವೆಕೇಶನ್’ನಲ್ಲಿ. ಆ ಹೊತ್ತಿಗೆ ಮಾದಕ ವ್ಯಸನದಿಂದ ಹೊರಬಂದಿದ್ದರು, ಬ್ರೂಸ್ ಫೇರ್‌ಬೇರ್ನ್ ನಿರ್ಮಾಪಕರಾಗಿದ್ದರು, ಹಾಡು ಕಟ್ಟಲು ಡೆಸ್ಮಂಡ್ ಚೈಲ್ಡ್‌ರಂಥ ಹೊರಗಿನವರನ್ನು ಕೂರಿಸಿಕೊಂಡಿದ್ದರು. ಜನ ಅದೇ ಐವರು, ಬದಲಾಗಿದ್ದು ಕೆಲಸ ಮಾಡುವ ಬಗೆ.

‘ಒಬ್ಬರಿಲ್ಲದಿದ್ದರೂ ಅದು ಆ ಬ್ಯಾಂಡೇ ಅಲ್ಲ’ ಎಂಬುದು ಇನ್ನೊಂದು ನಂಬಿಕೆ. ಬ್ಲ್ಯಾಕ್ ಸಬತ್‌ನ 2013ರ ‘13’ ಆಲ್ಬಂನಲ್ಲಿ ಮೂಲ ಡ್ರಮ್ಮರ್ ಬಿಲ್ ವಾರ್ಡ್ ಇರಲಿಲ್ಲ, ಬ್ರ್ಯಾಡ್ ವಿಲ್ಕ್ ನುಡಿಸಿದರು. ಆಝಿ ಆಸ್ಬೋರ್ನ್ ಆ ಬ್ಯಾಂಡ್ ಜೊತೆ ಪೂರ್ತಿ ಸ್ಟುಡಿಯೋ ಆಲ್ಬಂ ಹಾಡಿ ಆಗಲೇ 35 ವರ್ಷವಾಗಿತ್ತು. ಆದರೂ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1970ರ ನಂತರ ಅವರಿಗೆ ಅಲ್ಲಿ ಆ ಸ್ಥಾನ ಸಿಕ್ಕಿರಲಿಲ್ಲ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಕಿಸ್. 1998ರ ‘ಸೈಕೋ ಸರ್ಕಸ್’ ಮೂಲ ನಾಲ್ವರ ಪುನರ್ಮಿಲನವೆಂದೇ ಮಾರಾಟವಾಯಿತು, ಆದರೆ ನಾಲ್ವರೂ ಕೂಡಿ ನುಡಿಸಿದ್ದು ಒಂದೇ ಹಾಡಿನಲ್ಲಿ. ಹೆಚ್ಚಿನ ಹಾಡುಗಳಿಗೆ ಡ್ರಮ್ಸ್ ನುಡಿಸಿದವರು ಬೇರೆ. ಇದು ಅಭಿಮಾನಿಗಳಿಗೆ ಗೊತ್ತಾದಾಗ ಬಂದ ಬೇಸರ ಇಂದಿಗೂ ಹೋಗಿಲ್ಲ. ಐದರಲ್ಲಿ ನಾಲ್ವರಿದ್ದೀರಿ ಎಂಬುದು ಅಡ್ಡಿಯಲ್ಲ. ಇಲ್ಲದವರನ್ನು ಇದ್ದಾರೆ ಎಂದು ತೋರಿಸಿದರೆ ಮಾತ್ರ ಅಡ್ಡಿ.

ಕಳೆದುಹೋದ ಆ ಹದಿನೈದು ಮಿಲಿಸೆಕೆಂಡ್

ನಿಮ್ಮ ಹಳೆಯ ಆಲ್ಬಂನ ಒಂದು ಹಾಡನ್ನು ಕಂಪ್ಯೂಟರಿನಲ್ಲಿ ತೆರೆದು, ಬೇಸ್ ಮತ್ತು ಡ್ರಮ್ಸ್ ಮಾತ್ರ ಇರುವ ನಾಲ್ಕು ಬಾರ್ (ತಾಳದ ಆವರ್ತ) ಹುಡುಕಿ ದೊಡ್ಡದು ಮಾಡಿ ನೋಡಿ. ಹಾಡು 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಇದ್ದರೆ ಒಂದು ಬೀಟ್ 500 ಮಿಲಿಸೆಕೆಂಡ್, ಅದರ ಕಾಲು ಭಾಗ 125. ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡದು) ಒಂದು ಕಡೆ ಬಿದ್ದರೆ ಬೇಸಿನ ಸ್ವರ ಅದೇ ಬಿಂದುವಿನಲ್ಲಿ ಹುಟ್ಟಿರುವುದಿಲ್ಲ. ಹತ್ತೋ ಹದಿನೈದೋ ಮಿಲಿಸೆಕೆಂಡ್ ಹಿಂದಿರುತ್ತದೆ. ಸ್ನೇರ್ ಡ್ರಮ್ ಇನ್ನೊಂದಿಷ್ಟು ತಡ, ಗಿಟಾರ್ ತುಸು ಮುಂದೆ. ಮುಖ್ಯವಾದ ವಿಷಯವೆಂದರೆ, ಈ ಅಂತರ ಬಾರ್‌ನಿಂದ ಬಾರ್‌ಗೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಗಿಟಾರ್ ಎಳೆಯುತ್ತದೆ, ಸ್ನೇರ್ ತಡೆದು ಹಿಡಿಯುತ್ತದೆ. ಆ ಜಗ್ಗಾಟವೇ ಹಾರ್ಡ್ ರಾಕ್‌ನ ಭಾರ. ನಿಮ್ಮ ಬ್ಯಾಂಡಿನ ಗುರುತು ಇರುವುದು ಅಲ್ಲಿ. ಆಂಪ್, ತಂತಿ, ಪೆಡಲ್ ಎಲ್ಲ ಆಮೇಲೆ.

ಈಗ ಕಳೆದ ವಾರಾಂತ್ಯದ ರೆಕಾರ್ಡಿಂಗ್ ಇದ್ದರೆ ಅದನ್ನೂ ಹಾಗೇ ನೋಡಿ. ಅಂತರ ಒಮ್ಮೆ 5, ಒಮ್ಮೆ 30, ಮತ್ತೊಮ್ಮೆ ಸೊನ್ನೆ ಇರುತ್ತದೆ. ಕಿವಿಗೆ ‘ತಪ್ಪು’ ಎಂದು ಯಾವುದೂ ಹೊಡೆಯುವುದಿಲ್ಲ, ಆದರೆ ಮೈ ಅಲ್ಲಾಡುವುದಿಲ್ಲ. 28 ವರ್ಷದಲ್ಲಿ ಪ್ರತಿಯೊಬ್ಬರೂ ಬೇರೆಯವರ ಜೊತೆಯೋ, ಒಬ್ಬರೇ ಮನೆಯಲ್ಲೋ, ಕ್ಲಿಕ್‌ನೊಂದಿಗೋ ನುಡಿಸಿದ್ದೀರಿ. ಯಾರು ಯಾರಿಗಾಗಿ ಕಾಯಬೇಕು ಎಂಬುದು ಮರೆತಿದೆ. ಅದನ್ನು ಬಾಯಲ್ಲಿ ಹೇಳಿಕೊಟ್ಟು ಬರಿಸಲಾಗದು, ನುಡಿಸುತ್ತ ನುಡಿಸುತ್ತ ಬರಬೇಕು.

ಕೋಣೆಯ ಜೋಡಣೆಯೇ ಇದಕ್ಕೆ ಮೊದಲ ಶತ್ರು. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ವೇದಿಕೆಯ ಮೇಲಿನ ಹಾಗೆ ಎಲ್ಲರೂ ಗೋಡೆಯ ಕಡೆ ಮುಖ ಮಾಡಿ, ಡ್ರಮ್ಸ್‌ನಿಂದ ಐದು ಮೀಟರ್ ದೂರ ಬೇಸ್ ನಿಂತರೆ ಅಲ್ಲೇ 15 ಮಿಲಿಸೆಕೆಂಡ್ ತಡ ಬಂತು. ವೃತ್ತಾಕಾರದಲ್ಲಿ ನಿಲ್ಲಿ. ಬೇಸ್ ವಾದಕ ಡ್ರಮ್ಮರ್‌ನ ಹೈ-ಹ್ಯಾಟ್ ಬದಿಯಲ್ಲಿ ಒಂದೂವರೆ ಮೀಟರ್ ಒಳಗೆ, ಗಿಟಾರ್ ಎದುರಿಗೆ ಎರಡರಿಂದ ಎರಡೂವರೆ ಮೀಟರ್. ಕಣ್ಣಿಗೆ ಕಣ್ಣು ಸಿಗಬೇಕು. ಮೈಕ್ ಇಲ್ಲದ ಡ್ರಮ್ಸ್ ಎಷ್ಟು ಕೇಳಿಸುತ್ತದೋ ಗಿಟಾರ್ ಅಷ್ಟೇ ಜೋರು, ಅದಕ್ಕಿಂತ ಒಂದು ಚೂರೂ ಹೆಚ್ಚು ಬೇಡ.

ಅಭ್ಯಾಸ ಹನ್ನೆರಡು ಕೂಟಗಳಾದರೂ ಆಗಲಿ. ವಾರಕ್ಕೆ ಮೂರರಂತೆ ನಾಲ್ಕು ವಾರ, ಪ್ರತಿ ಕೂಟ ಮೂರು ಗಂಟೆ, ಪ್ರತಿ 50 ನಿಮಿಷಕ್ಕೆ ಹತ್ತು ನಿಮಿಷ ಬಿಡುವು. ಮೊದಲ ಎರಡು ಕೂಟ ಡ್ರಮ್ಸ್ ಮತ್ತು ಬೇಸ್ ಮಾತ್ರ. ಗಿಟಾರಿಸ್ಟ್‌ಗೆ ಇದು ಬೇಸರ ತರಿಸಬಹುದು, ಆದರೂ ಬಿಟ್ಟುಕೊಡಬೇಡಿ. ಮೂರರಿಂದ ಐದನೆಯವರೆಗೆ ಹಳೆಯ ಹಾಡುಗಳಷ್ಟೇ, ಎಂಟು ಸಾಕು. ಈ ಹಂತದಲ್ಲಿ ಒಂದು ಪರೀಕ್ಷೆ ಮಾಡಿ. ಗಿಟಾರ್ ಮಾತ್ರ ಎಂಟು ಬಾರ್ ರಿಫ್ ನುಡಿಸಲಿ, ಆಮೇಲೆ ಡ್ರಮ್ಸ್ ಸೇರಲಿ. ಮರುಸಲ ಡ್ರಮ್ಸ್ ಮೊದಲು, ಗಿಟಾರ್ ಆಮೇಲೆ. ಎರಡರ ವೇಗ ಅಳೆಯಿರಿ. 3–4 ಬಿಪಿಎಂ ವ್ಯತ್ಯಾಸ ಬಂದರೆ ಇಬ್ಬರ ತಲೆಯಲ್ಲಿ ಇರುವುದು ಎರಡು ಬೇರೆ ಹಾಡು. ಹಳೆಯ ರೆಕಾರ್ಡ್ ಕೇಳಿ ನಿಜವಾದ ವೇಗ ಬರೆದಿಟ್ಟುಕೊಳ್ಳಿ. ನೆನಪಿನಲ್ಲಿ ಹಾಡುಗಳು ಯಾವಾಗಲೂ ಇದ್ದದ್ದಕ್ಕಿಂತ ವೇಗ.

ಪ್ರತಿ ಕೂಟವನ್ನೂ ಎರಡೇ ಮೈಕಿನಲ್ಲಿ ರೆಕಾರ್ಡ್ ಮಾಡಿ. ಒಂದು ಡ್ರಮ್ಸ್ ಮುಂದೆ ಒಂದೂವರೆ ಮೀಟರ್‌ನಲ್ಲಿ, ಇನ್ನೊಂದು ವೃತ್ತದ ನಡುವೆ. ಅಂದೇ ಕೇಳಬೇಡಿ, ಮರುದಿನ ಕೇಳಿ. ನಿಮಗೆ ಎದ್ದು ಕಾಣುವ ದೋಷ ಒಂದಿರುತ್ತದೆ, ಅದು ತುಂಬಿಸುವ ಚಟ. ಎಲ್ಲಿ ಖಾಲಿ ಬಂತೋ ಅಲ್ಲಿ ಡ್ರಮ್ಮರ್ ಒಂದು ಫಿಲ್, ಬೇಸ್ ಒಂದು ಓಟ, ಗಿಟಾರ್ ಒಂದು ಬೆಂಡ್. ನಂಬಿಕೆ ಇಲ್ಲದ ಕಡೆ ಎಲ್ಲರೂ ಮಾತಾಡುತ್ತಾರಲ್ಲ, ಹಾಗೆಯೇ ಇದು. ಏಳೆಂಟನೇ ಕೂಟದ ಹೊತ್ತಿಗೆ ತಾನಾಗಿ ಕಡಿಮೆಯಾಗದಿದ್ದರೆ, ಒಂದು ದಿನ ಯಾರೂ ಫಿಲ್ ಹಾಕುವಂತಿಲ್ಲ ಎಂದು ಮಾಡಿಕೊಂಡು ನುಡಿಸಿ. ಆ ದಿನದ ಟೇಪ್ ಕೇಳಿದಾಗ ಡ್ರಮ್ಮರ್ ತಾನೇ ಅರ್ಧ ಫಿಲ್‌ಗಳನ್ನು ಬಿಡುತ್ತಾನೆ.

ಡೀಪ್ ಪರ್ಪಲ್‌ನ ಪ್ರಸಿದ್ಧ ಐವರು 1973ರಲ್ಲಿ ಬೇರೆಯಾಗಿ 1984ರಲ್ಲಿ ಸೇರಿದಾಗ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಮಾಡಿದ್ದು ಅಮೆರಿಕದ ವರ್ಮಾಂಟ್‌ನ ಸ್ಟೋವ್‌ನಲ್ಲಿ, ತಾವಿದ್ದ ಕಡೆಗೇ ಸಂಚಾರಿ ರೆಕಾರ್ಡಿಂಗ್ ಘಟಕವನ್ನು ತರಿಸಿಕೊಂಡು. ಮನಸ್ತಾಪ ಅವರಲ್ಲೇನು ಕಡಿಮೆಯಿರಲಿಲ್ಲ. ಆದರೂ ಆ ಆಲ್ಬಂ ಕೇಳಿದರೆ ಐದು ಜನ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸಿದ್ದಾರೆ ಎಂಬುದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಬಗೆಯ ಆಲ್ಬಂಗಳಲ್ಲಿ ಅದೇ ಅಳತೆಗೋಲು.

ಗಾಯಕನ ದನಿ, ಬ್ಯಾಂಡಿನ ಶ್ರುತಿ

ಇಲ್ಲಿ ವಯಸ್ಸಿನ ಪಾತ್ರ ನಿಜ. ಸ್ವರತಂತುಗಳ ಸ್ನಾಯು ತೆಳುವಾಗುತ್ತದೆ, ಮೇಲ್ಪದರದ ತೇವ ಮತ್ತು ಎಳೆತ ಕಡಿಮೆಯಾಗುತ್ತದೆ, ಉಸಿರಿನ ಒತ್ತಡ ಹಿಡಿದಿಡುವುದು ಕಷ್ಟವಾಗುತ್ತದೆ. ಮೊದಲು ಹೋಗುವುದು ಎತ್ತರದ ಸ್ವರವನ್ನು ಎಳೆದು ನಿಲ್ಲಿಸುವ ಶಕ್ತಿ. ಮುಟ್ಟಿ ಬರುವುದು ಇನ್ನೂ ಆಗುತ್ತಿರುತ್ತದೆ. ಹಾಗಾಗಿ ‘ಎಟುಕುತ್ತಿಲ್ಲ’ ಎಂದಷ್ಟೇ ಹೇಳಿದರೆ ಸಾಲದು, ಯಾವ ಸ್ವರ, ಎಷ್ಟು ಹೊತ್ತು ಎಂದು ಬರೆದುಕೊಳ್ಳಬೇಕು. ಅದಕ್ಕೂ ಮುಂಚೆ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ಸ್ವರತಂತು ನೋಡಿಸಿ. ಗಂಟು, ಊತ, ಹೊಟ್ಟೆಯ ಆಮ್ಲ ಮೇಲೆ ಬಂದು ಆಗುವ ಉರಿ ಇವೆಲ್ಲ ವಯಸ್ಸಿನ ವೇಷದಲ್ಲಿ ಬರುತ್ತವೆ, ಮತ್ತು ಚಿಕಿತ್ಸೆಗೆ ಬಗ್ಗುತ್ತವೆ. ಎರಡು ವಾರಕ್ಕಿಂತ ಹೆಚ್ಚು ದನಿ ಒಡೆದಿದ್ದರೆ ಹಾಡಿ ಸರಿಮಾಡಲು ಹೋಗಲೇಬೇಡಿ.

ಆಮೇಲೆ ಅಳತೆ. ಗಾಯಕ ಮೂರು ದಿನ ಸತತವಾಗಿ, ಗಂಟಲು ಬಿಸಿಯಾದ ಮೇಲೆ, ನಾಲ್ಕು ಎಣಿಸುವಷ್ಟು ಹೊತ್ತು ನಿಲ್ಲಿಸಬಲ್ಲ ಅತಿ ಎತ್ತರದ ಸ್ವರ ಯಾವುದು? ಮೂರನೇ ದಿನದ ಸ್ವರವನ್ನು ಲೆಕ್ಕಕ್ಕಿಡಿ. ಹೊಸ ಹಾಡುಗಳಲ್ಲಿ ಎಳೆದು ಹಾಡುವ ಸ್ವರ ಅದಕ್ಕಿಂತ ಒಂದು ಪೂರ್ಣ ಸ್ವರಾಂತರ ಕೆಳಗಿರಲಿ. ಮುಟ್ಟಿ ಬರುವ ಸ್ವರ ಅದರವರೆಗೂ ಹೋಗಲಿ. ಇಲ್ಲೊಂದು ಎಚ್ಚರಿಕೆ. ಇಳಿಸಿದರೆ ಸುಲಭವೆಂದು ನಾಲ್ಕೈದು ಅರ್ಧಸ್ವರ ಇಳಿಸಿಬಿಟ್ಟರೆ ಹಾಡು ಸತ್ತಿತು. ಹಾರ್ಡ್ ರಾಕ್‌ನ ದನಿಗೆ ಕಾವು ಬರುವುದೇ ಗಾಯಕ ತನ್ನ ಮೇಲಂಚಿನ ಹತ್ತಿರ ಹಾಡುವಾಗ. ಆ ಅಂಚು ಈಗ ಕೆಳಗೆ ಬಂದಿದೆ, ಅಷ್ಟೇ ಕೆಳಗೆ ಹಾಡೂ ಬರಲಿ, ಅದಕ್ಕಿಂತ ಕೆಳಗೆ ಬೇಡ. ಬಹುತೇಕ ಬ್ಯಾಂಡ್‌ಗಳಿಗೆ ಅದು ಒಂದು ಅಥವಾ ಎರಡು ಅರ್ಧಸ್ವರ.

ಹಾಡಿನ ಶ್ರುತಿ ಬದಲಿಸುವುದೋ, ಗಿಟಾರನ್ನೇ ಇಳಿಸುವುದೋ? ರಿಫ್ ತೆರೆದ ಇ ತಂತಿಯ ಮೇಲೆ ನಿಂತಿದ್ದರೆ ಗಿಟಾರನ್ನೇ ಇಳಿಸಿ. ಅದೇ ರಿಫ್ ಅನ್ನು ಬೇರೆ ಜಾಗದಲ್ಲಿ ಬೆರಳೊತ್ತಿ ನುಡಿಸಿದರೆ ತೆರೆದ ತಂತಿಯ ಗುಡುಗು ಹೋಗುತ್ತದೆ. ಶ್ರುತಿ ಇಳಿಸುವುದರಲ್ಲಿ ಸಂಕೋಚವೇನೂ ಬೇಡ, ಬ್ಲ್ಯಾಕ್ ಸಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿ 1971ರಲ್ಲೇ ಮೂರು ಅರ್ಧಸ್ವರ ಇಳಿಸಿ ರೆಕಾರ್ಡ್ ಮಾಡಿದ್ದರು.

ಆದರೆ ಬರೀ ಕೀಲಿ ತಿರುಗಿಸಿ ಬಿಟ್ಟರೆ ಆಗದು. ಒಂದು ಅರ್ಧಸ್ವರಕ್ಕೆ ತಂತಿಯ ಬಿಗಿ ಸುಮಾರು 11 ಶೇಕಡ ಕಡಿಮೆಯಾಗುತ್ತದೆ, ಎರಡಕ್ಕೆ ಸುಮಾರು 21. 0.010–0.046 ಇಂಚು ದಪ್ಪದ ತಂತಿಗಳ ಸೆಟ್ಟನ್ನು ಎರಡು ಅರ್ಧಸ್ವರ, ಅಂದರೆ ಡಿಗೆ, ಇಳಿಸಿದರೆ ಕೆಳಗಿನ ತಂತಿ ಸಡಿಲಗೊಂಡು, ಪಿಕ್ ಹೊಡೆದ ಕ್ಷಣ ಶ್ರುತಿ ಮೇಲಕ್ಕೆ ಹೋಗಿ ಆಮೇಲೆ ಕೆಳಗೆ ಜಾರುತ್ತದೆ. ಎರಡು ಪದರ ರಿದಂ ಗಿಟಾರ್ ಕೂಡಿಸಿದಾಗ ಈ ಜಾರುವಿಕೆ ಅಪಸ್ವರವಾಗಿ ಕೇಳುತ್ತದೆ. 0.011–0.052 ಅಥವಾ 0.054 ಹಾಕಿ. ದಪ್ಪ ತಂತಿಗೆ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳು ಉಜ್ಜಿ ಅಗಲ ಮಾಡಿಸಬೇಕು, ಇಲ್ಲದಿದ್ದರೆ ತಂತಿ ಸಿಕ್ಕಿಹಾಕಿಕೊಂಡು ಶ್ರುತಿ ನಿಲ್ಲುವುದಿಲ್ಲ. ಕತ್ತಿನ ಟ್ರಸ್ ರಾಡ್ (ಬಾಗು ಹೊಂದಿಸುವ ಸರಳು), ಬ್ರಿಡ್ಜಿನ ಇಂಟೊನೇಶನ್ (ಕತ್ತಿನುದ್ದಕ್ಕೂ ಶ್ರುತಿ ಸರಿಯಿರುವುದು) ಎರಡನ್ನೂ ಹೊಸದಾಗಿ ಹೊಂದಿಸಬೇಕು. ತೇಲುವ ಬ್ರಿಡ್ಜ್ ಇದ್ದರೆ ಹಿಂದಿನ ಸ್ಪ್ರಿಂಗ್‌ಗಳ ಬಿಗಿಯನ್ನೂ ನೋಡಬೇಕು. ಬೇಸ್‌ಗೆ 0.050–0.110 ಸೆಟ್. ಬೇಸಿನ ತೆರೆದ ಇ 41.2 ಹರ್ಟ್ಸ್, ಡಿಗೆ ಇಳಿದರೆ 36.7. ಕಿಕ್ ಡ್ರಮ್ಮಿನ ಬುಡಕ್ಕೂ ಅದರ ಕೆಳಗೂ ಅದು ಇಳಿಯುತ್ತದೆ. ಹೀಗಾಗಿ ಡ್ರಮ್ಮಿನ ಚರ್ಮವನ್ನೂ ಹೊಸ ಶ್ರುತಿಗೆ ತಕ್ಕಂತೆ ಹೊಂದಿಸಿ, ಗಿಟಾರ್ ಆಂಪ್‌ನ ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಹಳೆಯದಕ್ಕಿಂತ ಒಂದು ಗುರುತು ಕಡಿಮೆ ಇಡಿ. ಶ್ರುತಿ ಇಳಿದಷ್ಟೂ ಗೇನ್ ಕೆಸರಾಗುತ್ತದೆ.

ಹಳೆಯ ಆಂಪ್ ಹೊರತೆಗೆದರೆ?

ತೆಗೆಯಿರಿ, ಆದರೆ ನೇರವಾಗಿ ಸ್ವಿಚ್ ಒತ್ತಬೇಡಿ. ವರ್ಷಗಟ್ಟಲೆ ಕರೆಂಟ್ ಕಾಣದ ಟ್ಯೂಬ್ ಆಂಪ್‌ನಲ್ಲಿ ವಿದ್ಯುತ್ ಶೋಧಿಸುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಳಗೆ 400 ವೋಲ್ಟ್‌ಗೂ ಮೀರಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಗೊತ್ತಿಲ್ಲದವರು ಮುಚ್ಚಳ ತೆಗೆಯಬಾರದು. ಟ್ಯೂಬ್ ಆಂಪ್ ಬಲ್ಲ ರಿಪೇರಿಯವರಿಂದ ಕೆಪಾಸಿಟರ್ ಬದಲಿಸಿ, ಟ್ಯೂಬ್ ಪರೀಕ್ಷಿಸಿ, ಬಯಸ್ (ಟ್ಯೂಬ್‌ನಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಂದಿಸಿಕೊಳ್ಳಿ. ಸದ್ದಿನ ವಿಷಯಕ್ಕೆ ಬಂದರೆ, ಹಳೆಯ ಆಂಪ್ ಹಳೆಯ ಬಣ್ಣ ಕೊಡುತ್ತದೆ, ಹಳೆಯ ಹಿಡಿತ ಕೊಡುವುದಿಲ್ಲ.

ಟೇಪಿನಲ್ಲಿರುವ ರಿಫ್‌ಗಳು

ಆ ಟೇಪನ್ನು ಎಲ್ಲಾದರೂ ಹಾಕಿ ‘ಸುಮ್ಮನೆ ಒಮ್ಮೆ ಕೇಳೋಣ’ ಅನ್ನಬೇಡಿ. 1970ರ ದಶಕದ ಮಧ್ಯದಿಂದ 90ರ ದಶಕದ ಮೊದಲ ಭಾಗದವರೆಗಿನ ಹಲವು ಸ್ಟುಡಿಯೋ ಟೇಪ್‌ಗಳಲ್ಲಿ, ಆಂಪೆಕ್ಸ್ 456 ಅದಕ್ಕೆ ಹೆಸರಾದದ್ದು, ಕಾಂತಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗಿರುತ್ತದೆ. ಓಡಿಸಿದರೆ ಕಿರುಗುಟ್ಟುತ್ತದೆ, ಕಂದು ಬಣ್ಣದ ಮಡ್ಡಿ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಆ ಮಡ್ಡಿಯೇ ನಿಮ್ಮ ರಿಫ್. ಮತ್ತೆ ಸಿಗದು.

ಪರಿಹಾರವಿದೆ. ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶಾಖ ಏರಿಳಿಯದ ಪೆಟ್ಟಿಗೆಯಲ್ಲಿ, 8 ಗಂಟೆ ಅಥವಾ ಅದಕ್ಕೂ ಹೆಚ್ಚು ಇಡುತ್ತಾರೆ. ಎರಡು ಇಂಚಿನ ಅಗಲಕ್ಕೆ ಹೆಚ್ಚೇ ಬೇಕು. ಆಮೇಲೆ ಅಷ್ಟೇ ಹೊತ್ತು ಆರಲು ಬಿಡುತ್ತಾರೆ. ಮನೆಯ ಅವನ್‌ನಲ್ಲಿ ಇದನ್ನು ಮಾಡಬಾರದು, ಅದರ ಶಾಖ ಹತ್ತಾರು ಡಿಗ್ರಿ ಏರಿಳಿಯುತ್ತದೆ. ಅಸಿಟೇಟ್ ಬುಡದ ಹಳೆಯ ಟೇಪ್‌ಗಳನ್ನು ಕಾಯಿಸಲೇಬಾರದು, ಅವು ಹಾಳಾಗುತ್ತವೆ. ನಿಮ್ಮ ಕಾಲದ ಎರಡು ಇಂಚಿನವು ಪಾಲಿಯೆಸ್ಟರ್, ಆದರೂ ಕೆಲಸ ಬಲ್ಲವರು ನೋಡಿ ಹೇಳಲಿ. ಕಾಯಿಸಿದ ಗುಣ ಉಳಿಯುವುದು ಕೆಲವು ವಾರ ಮಾತ್ರ. ಹಾಗಾಗಿ ಮೊದಲು ಯಂತ್ರ ಗೊತ್ತುಮಾಡಿ, ದಿನ ನಿಗದಿ ಮಾಡಿ, ಆಮೇಲೆ ಕಾಯಿಸಿ. ಡಬ್ಬಿಯ ಮೇಲೆ ಬರೆದಿರುವ ವೇಗ, ಟೇಪಿನ ಶುರುವಿನಲ್ಲಿರುವ 1 ಕಿಲೋಹರ್ಟ್ಸ್, 10 ಕಿಲೋಹರ್ಟ್ಸ್, 100 ಹರ್ಟ್ಸ್ ಗುರುತುಸ್ವರಗಳು ಇವೆಲ್ಲ ಯಂತ್ರ ಹೊಂದಿಸಲು ಬೇಕು. 24 ಟ್ರ್ಯಾಕನ್ನೂ ಒಂದೇ ಓಟದಲ್ಲಿ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿ ಮೂರು ಕಡೆ ಪ್ರತಿ ಇಟ್ಟುಕೊಳ್ಳಿ.

ಹಳೆಯ ರಿಫ್ ಬಳಸುವುದು ಹೊಸತನವಿಲ್ಲದ ಕೆಲಸ ಎಂದು ಕೆಲವರು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಗಾಯಕ ಡೇವಿಡ್ ಲೀ ರಾತ್ ಮರಳಿದ ಮೇಲೆ ವ್ಯಾನ್ ಹೇಲನ್ 2012ರಲ್ಲಿ ತಂದ ಆಲ್ಬಂನ ಹಲವು ಹಾಡುಗಳ ಬೇರು 1970ರ ದಶಕದ ಡೆಮೊಗಳಲ್ಲಿತ್ತು, ಮತ್ತು ಆ ಆಲ್ಬಂನ ಕಸುವಿಗೆ ಅದೂ ಒಂದು ಕಾರಣ. ರಿಫ್ ಮಾತ್ರ ತೆಗೆದುಕೊಳ್ಳಿ, ಹಾಡನ್ನು ಇಂದಿನ ನೀವೇ ಕಟ್ಟಿ. ಇಪ್ಪತ್ತೈದರ ವಯಸ್ಸಿನಲ್ಲಿ ಬರೆದ ಸಾಹಿತ್ಯವನ್ನು ಐವತ್ತೈದರಲ್ಲಿ ಹಾಡಿದರೆ ಗಾಯಕನ ದನಿಯೇ ನಂಬುವುದಿಲ್ಲ.

ರಿಫ್ ಆ ಎರಡನೇ ಗಿಟಾರಿಸ್ಟ್‌ನದು ಎಂಬುದನ್ನು ಮಾತ್ರ ಮರೆಯಬೇಡಿ. ಅವನು ಸ್ಟುಡಿಯೋಗೆ ಬಾರದಿದ್ದರೂ ಆ ಹಾಡಿನ ರಚನೆಯಲ್ಲಿ ಅವನಿಗೆ ಪಾಲಿದೆ. ಏಸಿ/ಡಿಸಿಯ 2020ರ ಆಲ್ಬಂನ ಅಷ್ಟೂ ಹಾಡು ಆಂಗಸ್ ಮತ್ತು ಮಾಲ್ಕಮ್ ಯಂಗ್ ಇಬ್ಬರ ಹೆಸರಿನಲ್ಲಿ ಬಂತು. ಮಾಲ್ಕಮ್ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ನೀವು ಮಾಡಬೇಕಾದ್ದು ಸರಳ. ಹಾಡಿಗೊಂದು ಹಾಳೆ, ಯಾರಿಗೆ ಎಷ್ಟು ಶೇಕಡ ಎಂದು ಅಂಕಿಯಲ್ಲಿ, ಎಲ್ಲರ ಸಹಿ. ಇದನ್ನು ಹಾಡು ಮುಗಿದ ವಾರವೇ ಮಾಡಿ. ಬಿಡುಗಡೆಯ ಹೊತ್ತಿಗೆ ಮಾಡೋಣವೆಂದರೆ ಆಗ ಪ್ರತಿಯೊಬ್ಬರ ನೆನಪೂ ಬೇರೆಯಾಗಿರುತ್ತದೆ. ಹಾಡಿನ ರಚನೆಯ ಹಕ್ಕು ಬೇರೆ, ರೆಕಾರ್ಡಿಂಗ್‌ನ ಹಕ್ಕು ಬೇರೆ. ಹಳೆಯ ಡೆಮೊದ ತುಣುಕನ್ನೇ ಹೊಸ ಹಾಡಿನಲ್ಲಿ ಸೇರಿಸುವುದಾದರೆ ಆ ರೆಕಾರ್ಡಿಂಗ್‌ಗೆ ಹಣ ಕೊಟ್ಟವರು ಯಾರು ಎಂಬುದನ್ನೂ ನೋಡಬೇಕು. ಹಳೆಯ ಕಂಪನಿಯ ಒಪ್ಪಂದದಲ್ಲಿ ಡೆಮೊಗಳ ಮೇಲೂ ಹಕ್ಕು ಹೇಳಿರುವುದು ಉಂಟು.

ಮನೆಮನೆಯಲ್ಲಿ ರೆಕಾರ್ಡಿಂಗ್

ನಿರ್ಮಾಪಕರು ಹೇಳಿದ ದಾರಿಯಿಂದಲೂ ಒಳ್ಳೆಯ ಆಲ್ಬಂಗಳು ಬಂದಿವೆ. ಸತತ ಜೊತೆಗಿದ್ದ ಬ್ಯಾಂಡ್‌ಗೆ ಅದು ಸಲ್ಲುತ್ತದೆ, ಏಕೆಂದರೆ ಜೊತೆಗಾರ ಎಲ್ಲಿ ಬೀಳುತ್ತಾನೆಂದು ಕೈಗೇ ಗೊತ್ತಿರುತ್ತದೆ. ನಿಮಗೆ ಈಗ ಅದೇ ಇಲ್ಲ. ನಾಲ್ವರೂ ಕ್ಲಿಕ್‌ಗೆ ಅಂಟಿ ನುಡಿಸಿ, ನಿರ್ಮಾಪಕರು ಉಳಿದದ್ದನ್ನು ಗ್ರಿಡ್‌ಗೆ (ಕಂಪ್ಯೂಟರಿನ ಬೀಟ್ ಗೆರೆಗಳಿಗೆ) ಎಳೆದು ಕೂರಿಸಿದರೆ, ಮೇಲೆ ಹೇಳಿದ ಹದಿನೈದು ಮಿಲಿಸೆಕೆಂಡ್ ಎಲ್ಲ ಕಡೆ ಸೊನ್ನೆಯಾಗುತ್ತದೆ. ಅಚ್ಚುಕಟ್ಟಾಗಿರುತ್ತದೆ, ಯಾವ ಬ್ಯಾಂಡ್ ಎಂದು ಗೊತ್ತಾಗುವುದಿಲ್ಲ.

ನಾನು ಹೇಳುವುದು ನಡುವಿನ ದಾರಿ. ಡ್ರಮ್ಸ್, ಬೇಸ್, ಒಂದು ರಿದಂ ಗಿಟಾರ್ ಮತ್ತು ಗಾಯಕನ ಕಚ್ಚಾ ದನಿ ಒಟ್ಟಿಗೆ, ಒಂದೇ ಕೋಣೆಯ ವಾತಾವರಣದಲ್ಲಿ. ಆಂಪ್‌ಗಳನ್ನು ಪಕ್ಕದ ಕೋಣೆಯಲ್ಲಿಟ್ಟು ಸದ್ದು ಬೇರ್ಪಡಿಸಿ. ಗಾಯಕ ಅರ್ಧ ದನಿಯಲ್ಲಿ ಹಾಡಿದರೂ ಸಾಕು, ಆದರೆ ಇರಲೇಬೇಕು. ಸಾಲು ಎಲ್ಲಿ ಮುಗಿಯುತ್ತದೆಂದು ಕೇಳಿಸದೆ ಡ್ರಮ್ಮರ್ ಹಾಕುವ ಹೊಡೆತ ಹಾಡಿಗೆ ಅಡ್ಡ ಬರುತ್ತದೆ. ಮೊದಲ ದಿನ ಜೋಡಣೆಗೆ ಮಾತ್ರ. ಆಮೇಲೆ ದಿನಕ್ಕೆ ಎರಡೇ ಹಾಡು, ಹಾಡಿಗೆ ಐದು ಟೇಕ್ ಮೀರಬೇಡಿ. ವೇಗದ ಹಾಡು ಬೆಳಗಿನ ಸರದಿಯಲ್ಲಿ, ಡ್ರಮ್ಮರ್‌ನ ಮಣಿಕಟ್ಟು ಸೋಲುವ ಮುಂಚೆ. ಐದರಲ್ಲಿ ಬಾರದ್ದು ಹದಿನೈದರಲ್ಲೂ ಬರುವುದಿಲ್ಲ, ನಾಳೆ ಮೊದಲ ಟೇಕ್‌ನಲ್ಲಿ ಬಂದೀತು. ಕ್ಲಿಕ್ ಎಣಿಕೆಗೆ ಮಾತ್ರ ಇರಲಿ, ಎರಡು ಬಾರ್ ಆದ ಮೇಲೆ ನಿಲ್ಲಿಸಿ. ಕೋರಸ್‌ನಲ್ಲಿ ಎರಡು ಮೂರು ಬಿಪಿಎಂ ಏರಿದರೆ ಏರಲಿ. ಸೋಲೋ, ಎರಡನೇ ಪದರದ ಗಿಟಾರ್, ಹಿನ್ನೆಲೆ ದನಿ ಎಲ್ಲ ಆಮೇಲೆ ಅವರವರ ಮನೆಯಲ್ಲಿ. ಮುಖ್ಯ ಗಾಯನಕ್ಕೆ ದಿನಕ್ಕೊಂದು ಹಾಡು, ಎರಡು ಗಂಟೆ, ಎರಡು ದಿನ ಹಾಡಿದರೆ ಮೂರನೇ ದಿನ ಮೌನ. ಮೌನವೆಂದರೆ ಪಿಸುಮಾತೂ ಬೇಡ, ಅದೂ ಗಂಟಲನ್ನು ದಣಿಸುತ್ತದೆ.

ಇದರ ತೊಂದರೆ ಖರ್ಚು ಮತ್ತು ರಜೆ. ಅಷ್ಟೂ ಆಗದಿದ್ದರೆ, ಮನೆಯ ದಾರಿಯನ್ನೇ ಹಿಡಿಯಿರಿ, ಒಂದು ಬದಲಾವಣೆಯೊಂದಿಗೆ. ಹನ್ನೆರಡು ಕೂಟಗಳಲ್ಲಿ ಚೆನ್ನಾಗಿ ಬಂದ ಒಂದು ರೆಕಾರ್ಡಿಂಗ್ ಆರಿಸಿ, ಅದರ ಏರಿಳಿತವನ್ನೇ ವೇಗದ ನಕ್ಷೆಯಾಗಿ ಮಾಡಿಸಿ. ಡ್ರಮ್ಮರ್ ಬರೀ ಟಿಕ್-ಟಿಕ್‌ಗೆ ನುಡಿಸದೆ ಆ ಕೋಣೆಯ ರೆಕಾರ್ಡಿಂಗ್ ಕೇಳುತ್ತ ನುಡಿಸಲಿ. ಮೊದಲು ಡ್ರಮ್ಸ್, ಅದರ ಮೇಲೆ ಬೇಸ್, ಆಮೇಲೆ ಗಿಟಾರ್. ಕಂಪ್ಯೂಟರಿನ ಬಫರ್ (ಸದ್ದನ್ನು ತುಸು ಹೊತ್ತು ಹಿಡಿದಿಡುವ ಜಾಗ) 256 ಸ್ಯಾಂಪಲ್ ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಒಂದು ಬದಿಗೇ 5.3 ಮಿಲಿಸೆಕೆಂಡ್ ತಡ, ಹೋಗಿ ಬರುವುದು ಹತ್ತು ದಾಟುತ್ತದೆ. ಹೆಡ್‌ಫೋನಿಗೆ ನೇರ ಮಾನಿಟರಿಂಗ್ (ಕಂಪ್ಯೂಟರ್ ಸುತ್ತದೆ ನೇರವಾಗಿ ಬರುವ ನಿಮ್ಮದೇ ಸದ್ದು) ಇಟ್ಟುಕೊಳ್ಳಿ. ಗ್ರಿಡ್‌ಗೆ ಎಳೆಯುವಂತಿಲ್ಲ ಎಂದು ನಿರ್ಮಾಪಕರೊಂದಿಗೆ ಮೊದಲೇ ಮಾತಾಗಲಿ.

ಕಿವಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್‌ಗೆ 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ನುಡಿಸಿದರೆ 100 ಸುಲಭವಾಗಿ ದಾಟುತ್ತದೆ. ಎಲ್ಲ ಆವರ್ತನವನ್ನೂ ಸಮವಾಗಿ 15 ಡೆಸಿಬಲ್ ಇಳಿಸುವ ಸಂಗೀತಗಾರರ ಇಯರ್‌ಪ್ಲಗ್ ಹಾಕಿಕೊಳ್ಳಿ. ನಾಲ್ವರೂ ಶ್ರವಣ ಪರೀಕ್ಷೆ ಮಾಡಿಸಿ. 4 ಕಿಲೋಹರ್ಟ್ಸ್ ಸುತ್ತ ಕಿವಿ ಕುಗ್ಗಿದವರು ಮಿಕ್ಸಿಂಗ್ ಹೊತ್ತಿನಲ್ಲಿ ‘ಇನ್ನೂ ಸ್ವಲ್ಪ ಚೂಪು’ ಎಂದು ಕೇಳುತ್ತಲೇ ಇರುತ್ತಾರೆ, ಆಲ್ಬಂ ಕೇಳುಗರ ಕಿವಿ ಕೊರೆಯುತ್ತದೆ. ಮಿಕ್ಸ್ ಒಪ್ಪುವ ಅಧಿಕಾರ ಯಾರದು ಎಂಬುದನ್ನು ಆ ವರದಿ ನೋಡಿ ತೀರ್ಮಾನಿಸುವುದು ಮರ್ಯಾದೆಗೆ ಕುಂದಲ್ಲ.

ಹದಿನೆಂಟು ಹಾಡು ಕಟ್ಟಿ, ಹನ್ನೆರಡು ರೆಕಾರ್ಡ್ ಮಾಡಿ, ಒಂಬತ್ತು ಹತ್ತು ಬಿಡುಗಡೆ ಮಾಡಿ. ವಿನೈಲ್ ತರುವುದಾದರೆ ಒಂದು ಬದಿಗೆ 22 ನಿಮಿಷ ಮೀರಬಾರದು, ಮೀರಿದಷ್ಟೂ ಸದ್ದಿನ ಮಟ್ಟ ಇಳಿಸಬೇಕಾಗುತ್ತದೆ. ಅದಕ್ಕೆ ಮಾಸ್ಟರ್ ಬೇರೆಯೇ ಮಾಡಿಸಿ. ಸ್ಟ್ರೀಮಿಂಗ್‌ಗಾಗಿ ಜೋರು ಮಾಡಿಸುವ ಪೈಪೋಟಿ ಬೇಡ. ಸ್ಪಾಟಿಫೈ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದು ಎಷ್ಟು ಜೋರೆಂದು ಅಳೆಯುವ ಮಾನ) ತಾನೇ ತಗ್ಗಿಸುತ್ತದೆ. ಒತ್ತಿ ಜೋರು ಮಾಡಿದ್ದರಿಂದ ಸ್ನೇರ್‌ನ ಏಟು ಚಪ್ಪಟೆಯಾಗುವುದಷ್ಟೇ ಬಂದ ಲಾಭ.

ಇನ್ನು ಹೆಸರು. ನಾಲ್ವರೂ ಮೂಲದವರೇ ಆದ್ದರಿಂದ ಕೇಳುಗರ ದೃಷ್ಟಿಯಲ್ಲಿ ತಕರಾರಿಲ್ಲ. ಕಾನೂನಿನ ದೃಷ್ಟಿ ಬೇರೆ. ಹೆಸರು ಟ್ರೇಡ್‌ಮಾರ್ಕ್ ಆಗಿದೆಯೇ, ಯಾರ ಹೆಸರಿನಲ್ಲಿದೆ, ಹಳೆಯ ಮ್ಯಾನೇಜರ್ ಅಥವಾ ಕಂಪನಿ ಹಿಡಿದಿಟ್ಟುಕೊಂಡಿದೆಯೇ ಎಂದು ವಕೀಲರಿಂದ ತೆಗೆಸಿ ನೋಡಿ. ಹಳೆಯ ಹಾಡನ್ನು ಮರು-ರೆಕಾರ್ಡ್ ಮಾಡುವ ಆಸೆಯಿದ್ದರೆ ಅದಕ್ಕೆ ಹಳೆಯ ಒಪ್ಪಂದದಲ್ಲಿ ಎಷ್ಟು ವರ್ಷದ ತಡೆ ಇತ್ತೆಂಬುದನ್ನೂ ಅದೇ ಹೊತ್ತಿಗೆ ಓದಿಸಿ. ಐದನೆಯವರಿಂದ, ಹೆಸರು ಬಳಸಲು ತನ್ನ ಆಕ್ಷೇಪವಿಲ್ಲ ಎಂದು ಒಂದು ಪುಟ ಬರೆಸಿಕೊಳ್ಳಿ. ಬಾಯಿಮಾತಿನ ಸ್ನೇಹ ಈಗಿದೆ, ಇರುವಾಗಲೇ ಕಾಗದಕ್ಕೆ ಬರಲಿ. ಆ ಪುಟ ತೆಗೆದುಕೊಂಡು ಹೋಗುವ ದಿನ, ಟೇಪಿನಿಂದ ಇಳಿಸಿದ ಅವನ ರಿಫ್‌ಗಳ ಒಂದು ಪ್ರತಿಯನ್ನೂ ಕೈಗೆ ಕೊಡಿ. ಆಲ್ಬಂನ ಒಳಪುಟದಲ್ಲಿ ನಾಲ್ವರ ಹೆಸರಿನ ಕೆಳಗೆ, ಯಾವ ಹಾಡಿನ ರಿಫ್ ಅವನದೆಂದು ಹಾಡಿನ ಹೆಸರು ಹಿಡಿದೇ ಅಚ್ಚು ಹಾಕಿಸಿ.